ಸ್ವಾಧ್ಯಾಯವೂ ಪೃಚ್ಛನೆಯೂ: ಮನಃಸ್ವಾಸ್ಥ್ಯದ ಪುಸ್ತಕಗಳನ್ನು ಕುರಿತು ಒಂದು ವಿವೇಚನೆ

ಮನಸ್ಸಿನ ಬೇಗುದಿಗೆ ಪುಸ್ತಕದಲ್ಲಿ ಪರಿಹಾರವನ್ನು ಅರಸುವುದು ಕನ್ನಡ ಓದುಗರಿಗೆ ಹೊಸತಲ್ಲ. ಪುಸ್ತಕವೊಂದನ್ನು ಬಿಟ್ಟು ಬೇರೆ ಯಾವುದೂ ಕೈಗೆಟುಕದು ಎಂಬ ಸ್ಥಿತಿ ಮಾತ್ರ ವಿಚಾರ ಮಾಡತಕ್ಕದ್ದು. ಬೆಂಗಳೂರಿನ ಪಶ್ಚಿಮ ಭಾಗದ ಲಗ್ಗೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಂದು ಕಾಲದ ಹಳ್ಳಿ ಇಂದು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡು ಬೆಳೆದ, ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಹರಡಿದ ಬಡಾವಣೆ. ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ, ಲೇತ್ ಯಂತ್ರಗಳ ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಹೋಗಿಬರುವವರು, ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದವರು ಇಲ್ಲಿ ಹೆಚ್ಚು. ಇಲ್ಲಿನ ಗೃಹಿಣಿಯೊಬ್ಬಳಿಗೆ ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೆ, ಬೆಳಗಾದರೆ ಎದೆ ನಡುಗುತ್ತಿದ್ದರೆ, ಆಕೆ ಹೋಗಬೇಕಾದದ್ದೆಲ್ಲಿಗೆ?

ಸರ್ಕಾರದ ಉತ್ತರ ಸಿದ್ಧವಾಗಿದೆ: ಹೊಸೂರು ರಸ್ತೆಯ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ರೂಪುಗೊಂಡ ಈ ಸಂಸ್ಥೆ ದೇಶಕ್ಕೇ ಮಾದರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಗ್ಗೆರೆಯಿಂದ ಅಲ್ಲಿಗೆ ನಗರವನ್ನೇ ಅಡ್ಡಹಾಯ್ದು ಹೋಗಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಉಚಿತವಾಗಿದೆ ನಿಜ. ಕಳೆದುಹೋಗುವ ಒಂದು ದಿನದ ಕೂಲಿ ಉಚಿತವಲ್ಲ. ಖಾಸಗಿ ಮನಶ್ಚಿಕಿತ್ಸೆಯ ಮಾತಂತೂ ಬೇರೆಯೇ. ಒಂದು ಗಂಟೆಯ ಭೇಟಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಗೆ ಮೇಲ್ಪಟ್ಟು ಶುಲ್ಕ; ಕ್ರಮಬದ್ಧವಾದ ಚಿಕಿತ್ಸೆಯೆಂದರೆ ವಾರಕ್ಕೊಂದರಂತೆ ಹತ್ತು ಹನ್ನೆರಡು ಭೇಟಿ. ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುವವಳ ಒಂದು ತಿಂಗಳ ಸಂಬಳ ಅಲ್ಲಿಗೆ ಮುಗಿಯಿತು. 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಆತಂಕಗಳಂತಹ ಸಾಮಾನ್ಯ ಮನೋರೋಗಗಳಿಂದ ಬಳಲುವ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಮೀಕ್ಷೆಯನ್ನು ನಡೆಸಿದ ನಿಮ್ಹಾನ್ಸ್ ಇರುವ ಕರ್ನಾಟಕವೇ ಆ ಹನ್ನೆರಡು ರಾಜ್ಯಗಳಲ್ಲಿ ಇರಲಿಲ್ಲವೆಂಬುದು ಒಂದು ವಿಪರ್ಯಾಸ. ಇಲ್ಲಿನ ಲೆಕ್ಕ ಬಹಳ ಬೇರೆಯಾಗಿದ್ದೀತೆಂದು ನಂಬಲು ಮಾತ್ರ ಕಾರಣವಿಲ್ಲ.

ಈ 85 ಮಂದಿ ಏನೂ ಮಾಡದೆ ಕುಳಿತಿರುವುದಿಲ್ಲ. ಒಬ್ಬರು ಹರಕೆ ಹೊರುತ್ತಾರೆ, ಮತ್ತೊಬ್ಬರು ಜಾತಕ ತೋರಿಸುತ್ತಾರೆ, ಅಕ್ಷರ ಬಲ್ಲವರು ನೂರಿನ್ನೂರು ರೂಪಾಯಿ ಕೊಟ್ಟು ಒಂದು ಪುಸ್ತಕ ಕೊಳ್ಳುತ್ತಾರೆ. ಆದುದರಿಂದ ಕನ್ನಡದ ಸ್ವಸಹಾಯ ಸಾಹಿತ್ಯವನ್ನು ಬರಿಯ ಕಾಲಹರಣದ ಓದೆಂದು ವಿಮರ್ಶಕರು ಪಕ್ಕಕ್ಕಿಡುವುದು ನ್ಯಾಯವಲ್ಲ. ಅದು ಬಹುಮಂದಿಯ ಪಾಲಿಗೆ ಔಷಧದ ಅಂಗಡಿ. ಅಂಗಡಿಯಲ್ಲಿ ಏನೇನು ಮಾರಾಟವಾಗುತ್ತಿದೆಯೆಂದು ನೋಡುವವರು ಬೇಕು.

ಈ ಸಾಹಿತ್ಯದಲ್ಲಿ ಅತ್ಯಂತ ಜನಪ್ರಿಯವಾದ ಶಾಖೆ ಯಶಸ್ಸಿನ ಪುಸ್ತಕಗಳದು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’, ಡೇಲ್ ಕಾರ್ನೆಗಿಯ ಅನುವಾದಗಳು, ಅವುಗಳನ್ನು ಅನುಸರಿಸಿ ಬಂದ ಅಸಂಖ್ಯ ಕಿರುಹೊತ್ತಗೆಗಳು ಈ ವರ್ಗಕ್ಕೆ ಸೇರಿದವು. ಏರಬೇಕೆಂಬ ಹಂಬಲವೂ ಏರುವ ಕಾಲಿನ ಶಕ್ತಿಯೂ ಇರುವವನಿಗೆ ಇವು ಉಪಕಾರಿಯಾಗಬಲ್ಲವು. ಸಂಕೋಚದ ಸ್ವಭಾವದ ಎಷ್ಟೋ ಗ್ರಾಮೀಣ ಯುವಕರು ಇವುಗಳಿಂದ ಧೈರ್ಯ ಪಡೆದಿದ್ದಾರೆ. ಆದರೆ ಹಾಸಿಗೆಯಿಂದ ಏಳಲಾರದೆ ಮಲಗಿದವನ ಕೈಗೆ ಮೆಟ್ಟಿಲುಗಳ ಪುಸ್ತಕವನ್ನು ಕೊಟ್ಟರೆ ಏನಾಗುತ್ತದೆ? ಪ್ರತಿಯೊಂದು ಮೆಟ್ಟಿಲೂ ಅವನಿಗೆ ಆರೋಪಪಟ್ಟಿಯಂತೆ ಕಾಣುತ್ತದೆ. ಗೆದ್ದವರ ಕಥೆಗಳನ್ನು ಗೆದ್ದ ಬಳಿಕ ಹೇಳಲಾಗುತ್ತದೆ. ಅದೇ ಸಂಕಲ್ಪವನ್ನು ಮಾಡಿಯೂ ಸೋತವರ ಕಥೆಗೆ ಅಲ್ಲಿ ಪುಟವಿಲ್ಲ. ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯವೆಂಬ ವಾಕ್ಯ, ಮನಸ್ಸೇ ಮುರಿದವನಿಗೆ ಸಲ್ಲುವ ವಾಕ್ಯವಲ್ಲ.

ಎರಡನೆಯದು ಆಧ್ಯಾತ್ಮಿಕ ಸಾಂತ್ವನದ ಶಾಖೆ. ರಾಮಕೃಷ್ಣ ಆಶ್ರಮದ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಇದರಲ್ಲಿ ಮುಖ್ಯವಾದುದು. ದೃಷ್ಟಾಂತಗಳ ಮೂಲಕ ಸಾಗುವ ಅದರ ನಿರೂಪಣೆ ಓದುಗನನ್ನು ಹೆದರಿಸುವುದಿಲ್ಲ. ಅದು ಹೆಗಲ ಮೇಲೆ ಕೈಯಿಟ್ಟು ಮಾತನಾಡುವ ಧಾಟಿ. ಅಂತೆಯೇ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ವನ್ನು ದಿನಕ್ಕೊಂದು ಪದ್ಯದಂತೆ ಓದಿ ಸಮಾಧಾನ ಪಡೆಯುವ ಮನೆಗಳು ಕನ್ನಡನಾಡಿನಲ್ಲಿ ಹಲವು. ದುಃಖಕ್ಕೆ ಭಾಷೆ ಕೊಡುವುದು ದೊಡ್ಡ ಉಪಕಾರವೇ. ಆದರೆ ದುಃಖ ಬೇರೆ, ಕಾಯಿಲೆ ಬೇರೆ ಎಂಬ ಗೆರೆಯನ್ನು ತೋರಿಸಿಕೊಡುವುದು ಇಂತಹ ಗ್ರಂಥಗಳ ಕೆಲಸವಲ್ಲ. ಅದನ್ನು ಅವುಗಳಿಂದ ನಿರೀಕ್ಷಿಸುವುದೂ ತಪ್ಪು.

ಆ ಗೆರೆಯನ್ನು ಕನ್ನಡದಲ್ಲಿ ತೋರಿಸಿದವರು ವೈದ್ಯರು. ‘ರಾಶಿ’ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾಗಿದ್ದ ಡಾ. ಎಂ. ಶಿವರಾಂ ಅವರು ‘ಕೊರವಂಜಿ’ಯ ಸಂಪಾದಕರೆಂದು, ನಗಿಸಿದವರೆಂದು ನೆನಪಿನಲ್ಲಿದ್ದಾರೆ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮನೋವೈದ್ಯಕ್ಕೆ ಸಂಬಂಧಿಸಿದ ಗ್ರಂಥವೊಂದು ಕಾದಂಬರಿ ಕಾವ್ಯಗಳ ಸಾಲಿನಲ್ಲಿ ನಿಂತು ಆ ಗೌರವ ಪಡೆದುದು ಕನ್ನಡಕ್ಕೆ ಹೆಮ್ಮೆಯ ಸಂಗತಿ. ಅನಂತರದ ತಲೆಮಾರಿನಲ್ಲಿ, ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿ ದೀರ್ಘಕಾಲ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ಈ ಕೆಲಸವನ್ನು ವ್ರತದಂತೆ ನಡೆಸಿಕೊಂಡು ಬಂದರು. ನವಕರ್ನಾಟಕದಂತಹ ಪ್ರಕಾಶನಗಳ ಮೂಲಕ ಬಂದ ಅವರ ಪುಸ್ತಕಗಳ ಸಂಖ್ಯೆ ದೊಡ್ಡದು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಾಹಿತ್ಯದೃಷ್ಟಿಯಿಂದ ನೋಡುವವರಿಗೆ ಇವರ ಗದ್ಯ ಶುಷ್ಕವೆನ್ನಿಸೀತು. ಆದರೆ ಆ ಶುಷ್ಕತೆಯೇ ಇಲ್ಲಿ ಗುಣ. ರೋಗಕ್ಕೆ ರೋಗವೆಂದೇ ಹೆಸರಿಟ್ಟು, ಇದು ನಿನ್ನ ದೌರ್ಬಲ್ಯವಲ್ಲ, ಇದಕ್ಕೆ ಮದ್ದಿದೆ, ವೈದ್ಯರ ಬಳಿಗೆ ಹೋಗು ಎಂದು ಹೇಳುವ ಪುಸ್ತಕ, ಓದುಗನನ್ನು ತನ್ನ ಪುಟಗಳೊಳಗೇ ಹಿಡಿದಿಟ್ಟುಕೊಳ್ಳಲು ಬಯಸುವುದಿಲ್ಲ. ಸ್ವಸಹಾಯದ ಪುಸ್ತಕವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ದೊರೆಯುವುದು ಕಷ್ಟ: ತನ್ನನ್ನು ಮುಚ್ಚಿಟ್ಟು ಮನುಷ್ಯರ ಬಳಿಗೆ ಯಾವಾಗ ಹೋಗಬೇಕೆಂಬುದನ್ನು ಅದು ಹೇಳುತ್ತದೆಯೇ?

ಜೈನ ಓದುಗರಿಗೆ ಈ ಮಾನದಂಡ ಹೊರಗಿನಿಂದ ತಂದದ್ದಾಗಿ ತೋರಬೇಕಾಗಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸ್ವಾಧ್ಯಾಯವನ್ನು ಐದು ಬಗೆಯೆಂದು ಎಣಿಸಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದು ಮೊದಲನೆಯದು, ಅದರ ಬೆನ್ನಿಗೇ ಪೃಚ್ಛನೆ, ಅಂದರೆ ಬಲ್ಲವರನ್ನು ಕೇಳುವುದು. ಚಿಂತನೆ ಅದರ ಬಳಿಕದ್ದು. ಕೇಳದೆಯೇ ಓದಿನಿಂದ ಚಿಂತನೆಗೆ ನೆಗೆಯುವುದು ಆಚಾರ್ಯರು ಹೇಳಿದ ಕ್ರಮವಲ್ಲ. ಅದೇ ಅಧ್ಯಾಯದಲ್ಲಿ ಬರುವ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿಯೂ ಮೊದಲನೆಯದು ಆಲೋಚನಾ. ಇಂದಿನ ಕನ್ನಡದಲ್ಲಿ ಆ ಶಬ್ದಕ್ಕೆ ಒಬ್ಬನೇ ಕುಳಿತು ಯೋಚಿಸುವುದೆಂಬ ಅರ್ಥ ಬಂದಿದೆ. ಶಾಸ್ತ್ರದಲ್ಲಿ ಅದರ ಅರ್ಥ ಗುರುವಿನ ಮುಂದೆ ತನ್ನ ಮನಸ್ಸನ್ನು ಮುಚ್ಚುಮರೆಯಿಲ್ಲದೆ ಬಿಚ್ಚಿಡುವುದು. ಪ್ರತಿಕ್ರಮಣಕ್ಕೂ ಮೊದಲು ಕೇಳುವ ಕಿವಿಯೊಂದು ಬೇಕೆಂದು ಆಯಿತು. ಈಚೆಗೆ ಬಳಕೆಗೆ ಬಂದಿರುವ ‘ಆಪ್ತಸಮಾಲೋಚನೆ’ ಎಂಬ ಪದವನ್ನು ಯಾರು ಟಂಕಿಸಿದರೋ, ಅವರಿಗೆ ತಿಳಿದೋ ತಿಳಿಯದೆಯೋ, ಅದರಲ್ಲಿ ಆಪ್ತನೂ ಇದ್ದಾನೆ, ಆಲೋಚನೆಯೂ ಇದೆ. ಯಾರು ಆಪ್ತನೆಂಬ ಪ್ರಶ್ನೆಯನ್ನೇ ಹಿಡಿದು ಸಮಂತಭದ್ರರು ‘ಆಪ್ತಮೀಮಾಂಸೆ’ಯನ್ನು ರಚಿಸಿದರೆಂಬುದು ಈ ಸಂದರ್ಭದಲ್ಲಿ ನೆನಪಾಗದಿರದು.

ಆಧುನಿಕ ಅಧ್ಯಯನಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತವೆ. ಅಮೆರಿಕದ ಡೇವಿಡ್ ಬರ್ನ್ಸ್ 1980ರಲ್ಲಿ ಪ್ರಕಟಿಸಿದ ‘ಫೀಲಿಂಗ್ ಗುಡ್’ ಎಂಬ ಪುಸ್ತಕವನ್ನು ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಖಿನ್ನತೆಯುಳ್ಳವರಿಗೆ ಓದಲು ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಹಲವರಿಗೆ ಗುಣ ಕಂಡಿತು. ಪುಸ್ತಕ ಮಾರುವವರು ಈ ಫಲಿತಾಂಶವನ್ನು ಸಂತೋಷದಿಂದ ಉದ್ಧರಿಸುತ್ತಾರೆ. ಆ ಪ್ರಯೋಗಗಳಲ್ಲಿ ವಾರಕ್ಕೊಮ್ಮೆ ಒಬ್ಬರು ಫೋನ್ ಮಾಡಿ, ಎಷ್ಟು ಓದಿದಿರಿ, ಹೇಗಿದ್ದೀರಿ ಎಂದು ಕೆಲವೇ ನಿಮಿಷ ವಿಚಾರಿಸುತ್ತಿದ್ದರೆಂಬ ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಒಂಟಿಯಾಗಿ ಓದಿದವರಿಗಿಂತ, ಹೀಗೆ ಯಾರಾದರೊಬ್ಬರ ಅಲ್ಪಸ್ವಲ್ಪ ಮಾರ್ಗದರ್ಶನದೊಡನೆ ಓದಿದವರಿಗೆ ಹೆಚ್ಚು ಪ್ರಯೋಜನವಾಗುತ್ತದೆಂಬುದು ಅನಂತರದ ಸಂಶೋಧನೆಗಳ ಒಟ್ಟು ಒಲವು. ಆ ಐದು ನಿಮಿಷದ ವಿಚಾರಣೆಗೆ ಹಣ ಬೇಕಿಲ್ಲ, ಮನುಷ್ಯ ಬೇಕು.

ಸ್ವಸಹಾಯದ ಹೆಸರಿನಲ್ಲಿ ಧಾರ್ಮಿಕ ಸಾಮಗ್ರಿಯನ್ನೇ ಮದ್ದಾಗಿ ಕೊಡುವ ವಾಡಿಕೆ ಈಗ ಹೆಚ್ಚುತ್ತಿರುವುದರಿಂದ, ಆ ಸಾಮಗ್ರಿಯನ್ನೂ ಇದೇ ಒರೆಗೆ ಹಚ್ಚಬೇಕಾಗುತ್ತದೆ. ಆರ್ತಧ್ಯಾನವೆಂಬ ಪರಿಕಲ್ಪನೆಯನ್ನು ನೋಡಬಹುದು. ಬೇಡದ್ದು ಒದಗಿದಾಗ, ಬೇಕಾದುದು ಅಗಲಿದಾಗ, ದೇಹದ ನೋವಿನಲ್ಲಿ, ಮುಂದಣ ಭೋಗದ ಆಸೆಯಲ್ಲಿ ಮನಸ್ಸು ಅದನ್ನೇ ಮತ್ತೆ ಮತ್ತೆ ಸುತ್ತುವುದು ಆರ್ತಧ್ಯಾನ. ಕನ್ನಡದ ತಾಯಂದಿರು ‘ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದಾಳೆ’ ಎನ್ನುವುದೂ ಇದನ್ನೇ. ಜಿಂಬಾಬ್ವೆಯ ಷೋನಾ ಭಾಷೆಯಲ್ಲಿ ಖಿನ್ನತೆಗೆ ಬಳಸುವ ‘ಕುಫುಂಗಿಸಿಸ’ ಎಂಬ ಮಾತಿಗೂ ಅತಿಯಾಗಿ ಯೋಚಿಸುವುದೆಂದೇ ಅರ್ಥ. ಮನಸ್ಸಿನ ಈ ಸುಳಿಯನ್ನು ಗುರುತಿಸಿ ಹೆಸರಿಟ್ಟುದು ಆಚಾರ್ಯರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ಆದರೆ ಪ್ರವಚನಗಳಲ್ಲಿ, ಅಗ್ಗದ ಕೈಹೊತ್ತಗೆಗಳಲ್ಲಿ ಇದು ಹೇಗೆ ಬಳಕೆಯಾಗುತ್ತಿದೆ? ಮಗನನ್ನು ಕಳೆದುಕೊಂಡ ತಾಯಿಗೆ, ಅಳಬೇಡ, ಆರ್ತಧ್ಯಾನದಿಂದ ತಿರ್ಯಂಚಗತಿ ಎಂದು ಹೇಳಲಾಗುತ್ತದೆ. ಆಕೆಯ ದುಃಖದ ಮೇಲೆ ಭಯವನ್ನೂ ಹೇರಿದಂತಾಯಿತು. ಹಾಗೆ ಹೇಳುವವರು ಅದೇ ಅಧ್ಯಾಯದ ಮುಂದಿನ ಸೂತ್ರವನ್ನು ಓದಿದಂತೆ ತೋರುವುದಿಲ್ಲ. ಆರ್ತಧ್ಯಾನ ಯಾರಲ್ಲಿ ಉಂಟಾಗುತ್ತದೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ವ್ರತವಿಲ್ಲದವರಲ್ಲಿ, ಅಣುವ್ರತಿಗಳಾದ ಶ್ರಾವಕರಲ್ಲಿ, ಪ್ರಮತ್ತಸಂಯತರಲ್ಲಿ. ಪ್ರಮತ್ತಸಂಯತರೆಂದರೆ ಆರನೆಯ ಗುಣಸ್ಥಾನದ ಮುನಿಗಳು. ನಿದಾನವೊಂದನ್ನುಳಿದು ಮಿಕ್ಕ ಮೂರು ಬಗೆಗಳೂ ಮಹಾವ್ರತಿಗಳಲ್ಲಿಯೂ ಸಂಭವಿಸಬಲ್ಲವೆಂದು ವ್ಯಾಖ್ಯಾನಕಾರರು ಒಪ್ಪಿದ್ದಾರೆ. ಮನೆಮಠ ತೊರೆದ ಮುನಿಗೇ ಸಂಭವಿಸಬಹುದಾದುದು ಲಗ್ಗೆರೆಯ ಬಾಡಿಗೆ ಮನೆಯ ತಾಯಿಗೆ ಸಂಭವಿಸಿದರೆ ಅದರಲ್ಲಿ ನಾಚಿಕೆ ಪಡತಕ್ಕದ್ದೇನಿದೆ?

ದ್ವಾದಶಾನುಪ್ರೇಕ್ಷೆಗಳ ವಿಷಯವೂ ಹೀಗೆಯೇ. ಹದಿನೈದನೆಯ ಶತಮಾನದ ವಿಜಯಣ್ಣ ಅವನ್ನು ಕನ್ನಡ ಕಾವ್ಯವಾಗಿಸಿದಂದಿನಿಂದ, ಅದಕ್ಕೂ ಹಿಂದಿನಿಂದ, ಈ ನಾಡಿನ ಶ್ರಾವಕರಿಗೆ ಅವು ಪರಿಚಿತ. ಅನಿತ್ಯ, ಅಶರಣ, ಏಕತ್ವ, ಅಶುಚಿ ಮುಂತಾದ ಭಾವನೆಗಳು ಸ್ಥಿರಚಿತ್ತನಿಗೆ ವೈರಾಗ್ಯವನ್ನು ಗಟ್ಟಿಗೊಳಿಸುತ್ತವೆ. ತನಗೆ ದಿಕ್ಕಿಲ್ಲ, ತಾನು ಒಬ್ಬಂಟಿ, ತನ್ನ ದೇಹ ಹೇಯ ಎಂದು ಕಾಯಿಲೆಯಿಂದಲೇ ನಂಬಿಕೊಂಡಿರುವವನಿಗೆ ಅಶರಣ, ಏಕತ್ವ, ಅಶುಚಿಗಳನ್ನು ನಿತ್ಯಪಾಠವಾಗಿ ಕೊಡುವುದು ಅಪಥ್ಯ. ಬೇಕಿದ್ದರೆ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳಿವೆ. ಅವು ಮನಸ್ಸನ್ನು ಹೊರಗಿನ ಜೀವಗಳ ಕಡೆಗೆ ತಿರುಗಿಸುತ್ತವೆ. ಪಾತ್ರವನ್ನು ನೋಡಿ ಉಪದೇಶಿಸಬೇಕೆಂಬ ಹಳೆಯ ವಿವೇಕ ಅಚ್ಚಿನ ಪುಸ್ತಕಕ್ಕಿಲ್ಲ, ಏಕೆಂದರೆ ಪುಸ್ತಕಕ್ಕೆ ಓದುಗನ ಮುಖ ಕಾಣುವುದಿಲ್ಲ. ನೀರನ್ನು ಸೋಸಿದೆನೋ ಇಲ್ಲವೋ ಎಂದು ದಿನಕ್ಕೆ ಹತ್ತಾರು ಬಾರಿ ಪರೀಕ್ಷಿಸುವ, ಮಾಡದ ಹಿಂಸೆಗೆ ಮತ್ತೆ ಮತ್ತೆ ಪ್ರತಿಕ್ರಮಣ ಮಾಡುವ ವ್ಯಕ್ತಿಯನ್ನು ಮನೆಯವರು ಬಹಳ ಶ್ರದ್ಧಾವಂತನೆಂದು ಹೊಗಳುತ್ತಿರುತ್ತಾರೆ. ಮನೋವೈದ್ಯರು ಅದನ್ನು ಗೀಳುರೋಗವೆಂದು ಗುರುತಿಸಿ ಗುಣಪಡಿಸಬಲ್ಲರು.

ಇದಕ್ಕಿಂತ ಗಂಭೀರವಾದುದು ಮತ್ತೊಂದಿದೆ. ಖಿನ್ನತೆಯಿಂದ ಹಸಿವು ಬತ್ತಿದವಳು ಊಟ ಬಿಟ್ಟರೆ ಅದು ಉಪವಾಸವೆನ್ನಿಸಿಕೊಳ್ಳುವುದುಂಟು. ಯಾವುದರಲ್ಲೂ ಆಸಕ್ತಿಯಿಲ್ಲದವನು ವಿರಕ್ತನೆನ್ನಿಸಿಕೊಳ್ಳುವುದುಂಟು. ಬದುಕು ಸಾಕೆನ್ನುವ ಮಾತು ವೈರಾಗ್ಯದ ಮಾತೆಂದು ಸುತ್ತಲಿನವರಿಗೆ ಕೇಳಿಸುವುದುಂಟು. ಆಗಮಗಳು ಇಲ್ಲಿ ಸ್ಪಷ್ಟವಾಗಿವೆ. ಸಲ್ಲೇಖನದ ಅತಿಚಾರಗಳನ್ನು ಎಣಿಸುವಾಗ, ಬದುಕಬೇಕೆಂಬ ಆಸೆಯ ಜೊತೆಗೇ ಸಾಯಬೇಕೆಂಬ ಆಸೆಯನ್ನೂ, ಅಂದರೆ ಮರಣಾಶಂಸೆಯನ್ನೂ, ದೋಷವೆಂದೇ ಸೇರಿಸಲಾಗಿದೆ. ಸಾವನ್ನು ಬಯಸುವ ಮನಸ್ಸು ವ್ರತದ ಮನಸ್ಸಲ್ಲ. ಇದನ್ನು ಬಳಲುತ್ತಿರುವವನಿಗೆ ಹೇಳಿ ಮತ್ತಷ್ಟು ನೋಯಿಸಬೇಕಾಗಿಲ್ಲ, ಮನೆಯವರು ತಿಳಿದಿರಬೇಕಾದುದು. ಮನೆಯಲ್ಲಿ ಯಾರಾದರೂ ಸಾವಿನ ಮಾತನ್ನಾಡಿದರೆ, ಇಲ್ಲದ ದನಿಗಳು ಕೇಳಿಸುತ್ತವೆಂದರೆ, ಬಾಣಂತಿ ಮಗುವಿನ ಕಡೆ ನೋಡದೆ ಮೌನವಾಗಿ ಕುಳಿತಿದ್ದರೆ, ಪುಸ್ತಕ, ಪ್ರವಚನ, ಧ್ಯಾನಶಿಬಿರಗಳ ಕಾಲ ಮುಗಿಯಿತೆಂದೇ ಅರ್ಥ. ಆಗ ವೈದ್ಯರೇ ಬೇಕು. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ಯಾವುದೋ ಪುಸ್ತಕದ ಭರವಸೆಯ ಮೇಲೆ ಅದನ್ನು ನಿಲ್ಲಿಸುವುದೂ ಅಪಾಯ. ಧ್ಯಾನದಿಂದ ಮಾತ್ರೆ ಬಿಡಿಸುತ್ತೇವೆಂಬ ಶಿಬಿರಗಳ ಪ್ರಕಟಣಪತ್ರಗಳನ್ನು ಬಸದಿಯ ಸೂಚನಾಫಲಕದಲ್ಲಿ ಅಂಟಿಸಲು ಅನುಮತಿ ಕೊಡುವ ಮುನ್ನ ಟ್ರಸ್ಟಿನವರು ಎರಡು ಬಾರಿ ಯೋಚಿಸಬೇಕು.

ಹಾಗಾದರೆ ಹಣವಿಲ್ಲದವರಿಗೆ ದಾರಿ ಯಾವುದು? ಪುಸ್ತಕದೊಡನೆ ಮನುಷ್ಯನನ್ನು ಜೋಡಿಸಿದ ಪ್ರಯತ್ನಗಳು ಲೋಕದಲ್ಲಿ ಹಲವಿವೆ. 1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡಿಕೊಂಡುದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಬೆಂಗಳೂರಿನಲ್ಲಿಯೂ ಸಭೆ ಸೇರುತ್ತದೆ. ಪ್ರವೇಶಶುಲ್ಕವಿಲ್ಲ, ಹೆಸರು ಹೇಳಬೇಕಾಗಿಲ್ಲ. ಅದರ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರ ಪರಿಕಲ್ಪನೆ ಜೈನರಿಗೆ ಒಪ್ಪದಿರಬಹುದು. ಐದನೆಯ ಹೆಜ್ಜೆಯಂತೆ ತನ್ನ ತಪ್ಪುಗಳನ್ನು ಇನ್ನೊಬ್ಬ ಮನುಷ್ಯನ ಮುಂದೆ ಹೇಳಿಕೊಳ್ಳುವುದು ಆಲೋಚನೆಯಲ್ಲದೆ ಬೇರೇನೂ ಅಲ್ಲ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಆರೋಗ್ಯಕೇಂದ್ರಗಳ ಹೊರಗೆ ಮರದ ಬೆಂಚುಗಳನ್ನು ಹಾಕಿಸಿ, ತರಬೇತಿ ಪಡೆದ ಅಜ್ಜಿಯರನ್ನು ಕೂರಿಸಿದರು. ಅಜ್ಜಿ ಕೇಳುತ್ತಾಳೆ, ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾಳೆ, ಮುಂದಿನ ವಾರ ಏನಾಯಿತೆಂದು ವಿಚಾರಿಸುತ್ತಾಳೆ. 573 ಮಂದಿಯನ್ನು ಒಳಗೊಂಡ ಅದರ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾದಾಗ, ಆ ಬೆಂಚಿನ ಮೇಲೆ ಕುಳಿತವರ ಖಿನ್ನತೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಗಣನೀಯವಾಗಿ ತಗ್ಗಿದ್ದುದು ಕಂಡುಬಂದಿತು. ನೆರೆಯ ಗೋವೆಯಲ್ಲಿಯೂ, ವೈದ್ಯರಲ್ಲದ ಸಾಮಾನ್ಯ ಕಾರ್ಯಕರ್ತರು ಆರರಿಂದ ಎಂಟು ಭೇಟಿಗಳಲ್ಲಿ ಖಿನ್ನತೆಗೆ ನೀಡಿದ ನೆರವು ಫಲಕಾರಿಯೆಂದು 2017ರಲ್ಲಿ ವರದಿಯಾಯಿತು. ಕರ್ನಾಟಕಕ್ಕಂತೂ ಈ ವಿಚಾರ ತನ್ನದೇ. ಪ್ರಾಥಮಿಕ ಆರೋಗ್ಯಕೇಂದ್ರದ ಮಟ್ಟದಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟುದೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಇವೆಲ್ಲವುಗಳಲ್ಲಿ ಸಮಾನವಾದುದು ತರಬೇತಿ ಮತ್ತು ಮೇಲ್ವಿಚಾರಣೆ. ಒಳ್ಳೆಯ ಮನಸ್ಸೊಂದೇ ಸಾಕಾಗದು. ಸಲಹೆ ಕೊಡಲು ಆತುರಪಡುವ ಹಿರಿಯರಿಗೆ ಸುಮ್ಮನೆ ಕೇಳುವುದನ್ನು ಕಲಿಸುವುದೇ ಬಹುಶಃ ಕಷ್ಟದ ಪಾಠ. ಕೇಳಿದ್ದನ್ನು ಪಂಕ್ತಿಭೋಜನದ ಸಾಲಿನಲ್ಲಿ ಆಡದಿರುವುದು ಇನ್ನೂ ಕಷ್ಟ. ಹೆಣ್ಣಿನ ಮದುವೆಯ ಮಾತುಕತೆ ನಡೆಯುವ ಸಮಾಜದಲ್ಲಿ, ಆಕೆ ಆಪ್ತಸಮಾಲೋಚಕರ ಬಳಿ ಹೋಗಿದ್ದಳೆಂಬ ಒಂದು ಪಿಸುಮಾತು ಎಷ್ಟು ಕೇಡು ಮಾಡೀತೆಂಬುದನ್ನು ಹೇಳಬೇಕಾಗಿಲ್ಲ. ಅಹಿಂಸೆ ನಾಲಿಗೆಗೂ ಅನ್ವಯಿಸುತ್ತದೆ.

ಟ್ರಸ್ಟುಗಳಿಗೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಪಂಚಕಲ್ಯಾಣದ ಒಂದು ಚಪ್ಪರಕ್ಕೆ ತಗಲುವ ವೆಚ್ಚದಲ್ಲಿ ವರ್ಷವಿಡೀ ವಾರಕ್ಕೆರಡು ಸಂಜೆ ಒಂದು ಕೊಠಡಿಯನ್ನು ತೆರೆದಿಡಬಹುದು, ಇಬ್ಬರು ಶ್ರಾವಿಕೆಯರಿಗೆ ತರಬೇತಿ ಕೊಡಿಸಬಹುದು. ವೈಯಾವೃತ್ತ್ಯಕ್ಕೆ ಅರ್ಹರಾದ ಹತ್ತು ಮಂದಿಯಲ್ಲಿ ‘ಗ್ಲಾನ’ನನ್ನು, ಅಂದರೆ ರೋಗಿಯನ್ನು, ಸೂತ್ರಕಾರರು ಸೇರಿಸಿದ್ದಾರೆ, ಆ ಸೂತ್ರ ಮುನಿಸಂಘವನ್ನು ಕುರಿತದ್ದಾದರೂ ಅದರ ಆಶಯ ಗೃಹಸ್ಥರ ಬಾಗಿಲಲ್ಲಿ ನಿಂತುಬಿಡುವುದಿಲ್ಲ. ಶಾಸ್ತ್ರಭಂಡಾರದ ಪಕ್ಕದ ಕಪಾಟಿನಲ್ಲಿ ಶಿವರಾಂ, ಚಂದ್ರಶೇಖರ್ ಅವರ ಪುಸ್ತಕಗಳನ್ನಿಟ್ಟು, ಕೊಂಡೊಯ್ದವರನ್ನು ಮುಂದಿನ ಭಾನುವಾರ ಪೂಜೆಯ ಬಳಿಕ ಹೇಗಿದ್ದೀರೆಂದು ವಿಚಾರಿಸುವವರೊಬ್ಬರನ್ನು ನೇಮಿಸಿದರೆ ವಾಚನೆಯೂ ಪೃಚ್ಛನೆಯೂ ಕೂಡಿದಂತಾಗುತ್ತದೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯು ಸರ್ಕಾರದ ವೆಚ್ಚದಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರಜೆಯ ಹಕ್ಕೆಂದು ಸಾರಿದೆ, ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿದೆ. ವಿಮೆಯ ಕಂತು ಕಟ್ಟುತ್ತಿರುವ ಎಷ್ಟೋ ಮನೆಗಳಿಗೆ ಇದು ತಿಳಿದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಅಲ್ಲಿ ಮಾತನಾಡಬಹುದು. ಈ ಐದು ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಅಷ್ಟಮಿ ಚತುರ್ದಶಿಗಳ ತಿಥಿ ಬರೆಯುವ ಹಲಗೆಯ ಕೆಳಗೆ ತೂಗುಹಾಕಲು ಯಾವ ಟ್ರಸ್ಟಿಗೂ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕಾಗದು.